ಸೋಮವಾರ ಮಧ್ಯಾಹ್ನ ಆಫ್ ಆಗುತ್ತಿದ್ದ ಸೋಲಾರ್: ಹೈಬ್ರಿಡ್ ಇನ್ವರ್ಟರ್ ಜೊತೆ 14 ತಿಂಗಳು

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಕೆಳಗೆ ಗಿರಣಿ, ಮೇಲೆ ಮನೆ, ಅದರ ಮೇಲೆ ಮಾಳಿಗೆ. 2025ರ ಫೆಬ್ರವರಿಯಲ್ಲಿ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದೆವು. 540 ವ್ಯಾಟಿನ ಆರು ಪ್ಯಾನೆಲ್, 3 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್, 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ. ಹೈಬ್ರಿಡ್ ಅಂದರೆ ಬ್ಯಾಟರಿಯನ್ನೂ ತುಂಬುತ್ತದೆ, ಉಳಿದ ಕರೆಂಟನ್ನು ಕಂಬದ ಲೈನಿಗೂ ಕಳಿಸುತ್ತದೆ. ಇದೆಲ್ಲ ಮನೆಯ ಮೀಟರಿಗೆ ಮಾತ್ರ. ಗಿರಣಿಯ ತ್ರೀ ಫೇಸ್ ಮೀಟರ್ ಬೇರೆ, ಅದಕ್ಕೆ ಸೋಲಾರ್ ಇಲ್ಲ.

ಒಟ್ಟು ಖರ್ಚು 3 ಲಕ್ಷ 15 ಸಾವಿರ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಬ್ಯಾಂಕ್ ಖಾತೆಗೆ ಬಂತು. ಗೃಹಜ್ಯೋತಿ ಇರುವಾಗ ಇದೆಲ್ಲ ಯಾಕೆ ಅಂತ ಓಣಿಯಲ್ಲಿ ಬಹಳ ಜನ ಕೇಳಿದ್ದಾರೆ. ನಮ್ಮ ಊರಿನ ಏಪ್ರಿಲ್, ಮೇ ನಿಮಗೆ ಗೊತ್ತಲ್ವಾ? ಅತ್ತೆಗೆ ವಯಸ್ಸಾಗಿದೆ, ಅವರ ಕೋಣೆಗೆ ಒಂದು ಎಸಿ ಬೇಕೇ ಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅದಕ್ಕೇ ಹಾಕಿಸಿದ್ದು.

ಇನ್ವರ್ಟರ್ ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಮೊದಲು ಆದ ತೊಂದರೆ ಇನ್ವರ್ಟರಿನದಲ್ಲ, ಅದನ್ನು ಕೂರಿಸಿದವರದು. ಅಂಥ ಕೆಲಸ ಯಾವ ಕಂಪನಿಯ ಇನ್ವರ್ಟರಿಗೂ ಆಗಬಹುದು. ಆ ತೊಂದರೆ ಏನು ಅಂತ ತಿಳಿದುಕೊಂಡರೆ ನಿಮಗೆ ಕಂಪನಿ ಹೆಸರಿಗಿಂತ ಜಾಸ್ತಿ ಉಪಯೋಗ ಆಗುತ್ತದೆ.

ಮಾರ್ಚ್ ತಿಂಗಳಲ್ಲಿ ಮೊಬೈಲ್ ಆ್ಯಪ್ ನೋಡುವುದು ನನಗೆ ಒಂದು ರೂಢಿಯಾಯಿತು. ಬೆಳಿಗ್ಗೆಯಿಂದ ಗೆರೆ ಗುಡ್ಡದ ಹಾಗೆ ಏರುತ್ತಾ ಹೋಗುತ್ತದೆ, ಸಂಜೆಗೆ ಇಳಿಯುತ್ತದೆ. ಆದರೆ ಕೆಲವು ದಿನ 12 ಗಂಟೆಯ ಹೊತ್ತಿಗೆ ಆ ಗೆರೆ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಏರುವುದು, ಸೊನ್ನೆಗೆ ಬೀಳುವುದು, ಒಂದು ನಿಮಿಷ ಬಿಟ್ಟು ಮತ್ತೆ ಏರುವುದು, ಮತ್ತೆ ಬೀಳುವುದು. ಜೊತೆಗೆ ಕೆಂಪು ಅಕ್ಷರದಲ್ಲಿ ಗ್ರಿಡ್ ಓವರ್ ವೋಲ್ಟೇಜ್ ಅಂತ ಸೂಚನೆ, ಅಂದರೆ ಲೈನಿನ ವೋಲ್ಟೇಜ್ ಮಿತಿ ಮೀರಿದೆ ಅಂತ. ಸುಡುಸುಡು ಬಿಸಿಲಿನಲ್ಲಿ ಐದಾರು ಯೂನಿಟ್ ಹೀಗೆ ಹೋಗುತ್ತಿತ್ತು.

ನಾಲ್ಕು ವಾರ ನೋಡಿದ ಮೇಲೆ ಒಂದು ವಿಷಯ ಹೊಳೆಯಿತು. ಇದು ಆಗುತ್ತಿದ್ದದ್ದು ಸೋಮವಾರ ಮತ್ತು ಅಮಾವಾಸ್ಯೆ ದಿನ. ಸೋಮವಾರ ನಮ್ಮ ಗಿರಣಿಗೆ ಸೂಟಿ, ಶರಣಬಸಪ್ಪನ ಗುಡಿಗೆ ಹೋಗಿ ಬರುವ ದಿನ. ಅಮಾವಾಸ್ಯೆಗೂ ಗಿರಣಿ ಬಂದ್. ಅಂದರೆ ಗಿರಣಿ ಓಡುತ್ತಿದ್ದ ದಿನ ಮಾಳಿಗೆ ಮೇಲಿನ ಸೋಲಾರ್ ಸರಿಯಾಗಿರುತ್ತಿತ್ತು, ಗಿರಣಿ ನಿಂತ ದಿನ ಅದು ಕೈಕೊಡುತ್ತಿತ್ತು. ಎರಡಕ್ಕೂ ಮೀಟರ್ ಬೇರೆ, ಆದರೆ ಕಂಬ ಒಂದೇ.

ಮಗಳು ಪಿಡಿಎ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದಾಳೆ. ಅವಳಿಗೆ ಹೇಳಿದ ಕೂಡಲೇ ಅರ್ಥವಾಯಿತು. ಗಿರಣಿಯ ಮೋಟರ್ ಓಡುವಾಗ ಕಂಬದಿಂದ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಸ್ವಲ್ಪ ತಗ್ಗುತ್ತದೆ. ಮೋಟರ್ ನಿಂತರೆ ಎಳೆಯುವವರು ಕಡಿಮೆ, ಸೋಲಾರ್ ಮಾತ್ರ ದೂಡುತ್ತಲೇ ಇರುತ್ತದೆ, ವೋಲ್ಟೇಜ್ ಏರುತ್ತದೆ. ನಮ್ಮ ಇನ್ವರ್ಟರಿಗೆ ಮೇಲಿನ ಮಿತಿ 253 ವೋಲ್ಟ್. ಅಂದರೆ 230ರ ಮೇಲೆ ಶೇಕಡಾ 10. ಅದನ್ನು ದಾಟಿದರೆ ತಾನೇ ಲೈನಿನಿಂದ ಕಳಚಿಕೊಳ್ಳುತ್ತದೆ. ಕಳಚಿಕೊಂಡ ಮೇಲೆ ವೋಲ್ಟೇಜ್ ಇಳಿಯುತ್ತದೆ, ಸರಿಯಾಗಿದೆ ಅಂತ ಮತ್ತೆ ಸೇರುತ್ತದೆ, ಮತ್ತೆ ಏರುತ್ತದೆ. ಗರಗಸದ ಹಲ್ಲು ಬಂದದ್ದು ಹಾಗೆ.

ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ಫೋನ್ ಬೇಗ ಎತ್ತುತ್ತಾರೆ, ಮಾತು ಮರ್ಯಾದೆಯದು, ಅದನ್ನು ಒಪ್ಪುತ್ತೇನೆ. ಆದರೆ ಅವರು ಕೊಟ್ಟ ಪರಿಹಾರ ಕೇಳಿ: "ಮೇಡಂ, ಇಲ್ಲಿಂದಲೇ ಲಿಮಿಟ್ 270 ಮಾಡಿಬಿಡ್ತೀನಿ. ಮತ್ತ ಟ್ರಿಪ್ ಆಗಂಗಿಲ್ಲ." ಅವರು ಕೂತಲ್ಲಿಂದಲೇ ಇಂಟರ್ನೆಟ್ ಮೂಲಕ ನಮ್ಮ ಇನ್ವರ್ಟರಿನ ಸೆಟ್ಟಿಂಗ್ ಬದಲಿಸಬಹುದು ಅಂತ ನನಗೆ ಗೊತ್ತಾದದ್ದೇ ಆಗ.

ಆ ದಿನ ನಮ್ಮ ವೈರ್‌ಮನ್ ಚಾಚಾ ಗಿರಣಿಯಲ್ಲೇ ಇದ್ದರು. ಮೂವತ್ತು ವರ್ಷದಿಂದ ನಮ್ಮ ಮೋಟರ್, ಸ್ಟಾರ್ಟರ್ ನೋಡುವವರು ಅವರೇ. ನನ್ನ ಮಾತು ಕೇಳಿ ಕೈ ಅಡ್ಡ ಮಾಡಿದರು. "ಬ್ಯಾಡ್ರಿ ಅಕ್ಕಾರೆ. ತೂಕ ಹೆಚ್ಚಿಗಿ ಬಂತಂದ್ರ ಮೊದಲ ಚೀಲ ನೋಡಬೇಕು. ತಕ್ಕಡಿ ತಿದ್ದತಾರೇನ್ರಿ?"

ಚಾಚಾ ಮೀಟರ್ ಹತ್ತಿರ ಅಳೆದರು. 246 ವೋಲ್ಟ್. ಮಾಳಿಗೆ ಮೆಟ್ಟಿಲ ಮನೆಯಲ್ಲಿ ಇನ್ವರ್ಟರ್ ಬಾಯಿಯಲ್ಲಿ ಅಳೆದರು. 254. ನಡುವೆ ಸುಮಾರು 40 ಮೀಟರ್ ವೈರ್. ಅಷ್ಟರಲ್ಲೇ 8 ವೋಲ್ಟ್ ವ್ಯತ್ಯಾಸ. ಹಾಕಿದ್ದು 2.5 ಎಂಎಂ ವೈರ್. 3 ಕಿಲೋವ್ಯಾಟ್ ಅಂದರೆ 13 ಆಂಪಿಯರ್. ಅದನ್ನು ಆ ವೈರ್ ಹೊರುತ್ತದೆ, ಬಿಸಿಯಾಗಿ ಸುಡುವುದಿಲ್ಲ. ಆದರೆ ಅಷ್ಟು ಉದ್ದಕ್ಕೆ ಸಣ್ಣ ವೈರಿನಲ್ಲಿ ಕರೆಂಟ್ ಹೊರಗೆ ದೂಡಬೇಕೆಂದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಅಷ್ಟು ಮೇಲೆ ಏರಿಸಲೇಬೇಕು. ಕಂಬದ ಕಡೆಯ ವೋಲ್ಟೇಜ್ ಇನ್ವರ್ಟರಿನ ಮಿತಿಯೊಳಗೇ ಇತ್ತು. ತಪ್ಪು ನಮ್ಮ ಗೋಡೆಯ ಪೈಪಿನೊಳಗೆ ಇತ್ತು.

270 ಮಾಡಿಸಿದ್ದರೆ ಆ್ಯಪಿನಲ್ಲಿ ಗುಡ್ಡ ಚೆನ್ನಾಗಿ ಕಾಣುತ್ತಿತ್ತು. ಆದರೆ ನಮ್ಮ ಫ್ರಿಜ್ಜು, ಅತ್ತೆಯ ಎಸಿ, ಅದೇ ಕಂಬದ ಪಕ್ಕದ ಮನೆಯವರ ಟಿವಿ ಎಲ್ಲವೂ ಆ ಏರಿಕೆಯನ್ನು ತಿನ್ನಬೇಕಾಗುತ್ತಿತ್ತು. ಓಣಿಯಲ್ಲಿ ಇವತ್ತು ನಾಲ್ಕು ಮಾಳಿಗೆ ಮೇಲೆ ಸೋಲಾರ್ ಇದೆ. ನಾಳೆ ಹದಿನಾಲ್ಕು ಆಗುತ್ತದೆ. ಎಲ್ಲರೂ ಮಿತಿ ಏರಿಸಿಕೊಂಡರೆ ಏನಾಗುತ್ತದೆ ಯೋಚಿಸಿ.

ಹೀಗೆ ಗುದ್ದಾಡುತ್ತಿರುವಾಗಲೇ ಏಪ್ರಿಲ್ 28 ಬಂತು. ಅದೂ ಸೋಮವಾರ. ನಮ್ಮಲ್ಲಿ ಸಂಜೆ ನಾಲ್ಕು, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಕರೆಂಟ್ ಹೋಯಿತು. ರೈಲು ನಿಂತವು, ಫೋನ್ ನಿಂತವು. ತನಿಖೆ ಮಾಡಿದವರು ಆಮೇಲೆ ಹೇಳಿದ ಕಾರಣ ಓದಿ ನನಗೆ ಮೈ ಜುಮ್ಮೆಂದಿತು. ವೋಲ್ಟೇಜ್ ಏರಿತು, ಏರಿದ್ದಕ್ಕೆ ಒಂದು ವಿದ್ಯುತ್ ಸ್ಥಾವರ ಕಳಚಿಕೊಂಡಿತು, ಅದು ಕಳಚಿಕೊಂಡದ್ದಕ್ಕೆ ವೋಲ್ಟೇಜ್ ಇನ್ನೂ ಏರಿತು, ಮತ್ತೊಂದು ಕಳಚಿಕೊಂಡಿತು. ನಮ್ಮ ಮಾಳಿಗೆಯಲ್ಲಿ ಇನ್ವರ್ಟರ್ ಬಿಟ್ಟುಹೋದರೆ ವೋಲ್ಟೇಜ್ ಇಳಿಯುತ್ತಿತ್ತು. ಅಲ್ಲಿ ದೊಡ್ಡ ಲೈನುಗಳಲ್ಲಿ ಅದು ತಿರುವುಮುರುವು ಆಯಿತು. ಆದರೂ ಮೂಲ ಪ್ರಶ್ನೆ ಒಂದೇ: ವೋಲ್ಟೇಜ್ ಏರಿದಾಗ ಅದನ್ನು ಹಿಡಿದು ನಿಲ್ಲಿಸುವವರು ಯಾರು, ಬಿಟ್ಟು ಓಡುವವರು ಯಾರು?

ಬಸವ ಜಯಂತಿಯ ಮರುದಿನ ಚಾಚಾ 6 ಎಂಎಂ ವೈರ್ ಎಳೆದರು. ವೈರು, ಪೈಪು, ಕೂಲಿ ಸೇರಿ ಏಳು ಸಾವಿರ. ಈಗ ವ್ಯತ್ಯಾಸ 3 ವೋಲ್ಟ್. ಅಂದಿನಿಂದ ಇಂದಿನವರೆಗೆ ಓವರ್ ವೋಲ್ಟೇಜ್ ಸೂಚನೆ ಎರಡೇ ಸಲ ಬಂದಿದೆ.

ಇನ್ನೊಂದು ಬದಲಾವಣೆ ಪುಕ್ಕಟೆ, ಅದನ್ನು ಮಗಳು ಮಾಡಿದಳು. ಹೈಬ್ರಿಡ್ ಇನ್ವರ್ಟರ್ ಕೊಂಡವರು ಇದನ್ನು ದಯವಿಟ್ಟು ಗಮನಿಸಿ. ಕೂರಿಸಿದಾಗ ಬ್ಯಾಟರಿ ಬೆಳಿಗ್ಗೆ ಎಂಟಕ್ಕೇ ಚಾರ್ಜ್ ಆಗಲು ಶುರು ಮಾಡಿ ಹನ್ನೊಂದಕ್ಕೆ ತುಂಬಿಬಿಡುತ್ತಿತ್ತು. ಆಮೇಲೆ ನಡುಮಧ್ಯಾಹ್ನದ ಅಷ್ಟೂ ಕರೆಂಟ್ ಹೊರಗೆ. ಅದೇ ಹೊತ್ತಿಗೆ ಊರಿನ ಎಲ್ಲ ಮಾಳಿಗೆಗಳೂ ಹೊರಗೆ ಕಳಿಸುತ್ತಿರುತ್ತವೆ. ಈಗ ಚಾರ್ಜ್ ಆಗುವ ಹೊತ್ತನ್ನು 11ರಿಂದ 3 ಅಂತ ಇಟ್ಟಿದ್ದೇವೆ, ನಿಧಾನವಾಗಿ, ಗಂಟೆಗೆ ಒಂದು ಯೂನಿಟ್ಟಿನ ಹಾಗೆ. ಬೆಳಗಿನ ಕರೆಂಟ್ ಲೈನಿಗೆ ಹೋಗುತ್ತದೆ, ಮಧ್ಯಾಹ್ನದ ಒಂದು ಪಾಲು ಬ್ಯಾಟರಿಗೆ. ನಮಗೆ ಒಂದು ಪೈಸೆ ನಷ್ಟವಿಲ್ಲ, ಕಂಬಕ್ಕೆ ಭಾರ ಕಡಿಮೆ.

ಈ ಭಾರದ ವಿಷಯ ಗಿರಣಿಯವರಿಗೆ ಬೇಗ ತಿಳಿಯುತ್ತದೆ. ಹಾಪರಿಗೆ ಜೋಳವನ್ನು ಸ್ವಲ್ಪ ಸ್ವಲ್ಪ ಬಿಟ್ಟರೆ ಮೋಟರಿನ ಸದ್ದು ಒಂದೇ ಸಮ. ಗಡಿಬಿಡಿಯಲ್ಲಿ ಯಾರಾದರೂ ಚೀಲವನ್ನೇ ಸುರಿದರೆ ಸದ್ದು ಗುಂಯ್ ಅಂತ ಕೆಳಗಿಳಿಯುತ್ತದೆ. ಕಲ್ಲು ಭಾರ ಇರುವುದರಿಂದ ಆ ಒಂದು ಕ್ಷಣ ತಡೆದುಕೊಳ್ಳುತ್ತದೆ. ಕರೆಂಟ್ ಹೋದರೂ ಕಲ್ಲು ಕೂಡಲೇ ನಿಲ್ಲುವುದಿಲ್ಲ, ತನ್ನ ಓಟದಲ್ಲಿ ಸುತ್ತಿ ಸುತ್ತಿ ನಿಲ್ಲುತ್ತದೆ.

ದೇಶದ ಕರೆಂಟ್ ಕೂಡ ಹಾಗೆಯೇ. ರಾಯಚೂರಿನ ಶಕ್ತಿನಗರದಲ್ಲಿ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ, ಸೆಕೆಂಡಿಗೆ 50. ಅದೇ 50 ಹರ್ಟ್ಸ್, ಕರೆಂಟಿನ ಫ್ರೀಕ್ವೆನ್ಸಿ. ಎಲ್ಲೋ ಬಳಕೆ ತಟ್ಟನೆ ಏರಿದರೆ ಆ ದೊಡ್ಡ ಚಕ್ರಗಳು ಒಂದಿಷ್ಟು ನಿಧಾನವಾಗಿ, ತಮ್ಮ ಓಟದಲ್ಲಿದ್ದ ಶಕ್ತಿಯನ್ನು ಕೊಟ್ಟು, ಮೊದಲ ಕೆಲವು ಸೆಕೆಂಡು ಕಾಯುತ್ತವೆ. ಅಷ್ಟರಲ್ಲಿ ಉಗಿಯ ವಾಲ್ವ್ ತೆರೆಯುತ್ತದೆ. ಸೋಲಾರ್ ಪ್ಯಾನೆಲ್‌ಗೆ ಈ ಕಲ್ಲು ಇಲ್ಲ. ಅಲ್ಲಿ ತಿರುಗುವುದು ಏನೂ ಇಲ್ಲ. ಸೋಲಾರ್ ಹೆಚ್ಚಾದಷ್ಟೂ ಲೈನಿನಲ್ಲಿ ಕಲ್ಲಿನ ಭಾರ ಕಡಿಮೆಯಾಗುತ್ತದೆ. ಹಾಗಂತ ಸೋಲಾರ್ ಬೇಡ ಅನ್ನುವುದಿಲ್ಲ, ಖಂಡಿತ ಬೇಕು. ಆದರೆ ಕಲ್ಲು ಮಾಡುತ್ತಿದ್ದ ಕೆಲಸವನ್ನು ಬ್ಯಾಟರಿ ಮತ್ತು ಇನ್ವರ್ಟರುಗಳೇ ಕಲಿಯಬೇಕು. ತಾವೇ ವೋಲ್ಟೇಜ್, ಫ್ರೀಕ್ವೆನ್ಸಿ ಹಿಡಿದು ನಿಲ್ಲುವ ಇನ್ವರ್ಟರುಗಳನ್ನು ದೊಡ್ಡ ಬ್ಯಾಟರಿ ಸ್ಥಾವರಗಳಲ್ಲಿ ಈಗ ಹಾಕುತ್ತಿದ್ದಾರೆ. ಮನೆಯ ಚಿಕ್ಕ ಇನ್ವರ್ಟರು ಅಷ್ಟು ಮಾಡಲಾರದು. ಅದು ಗಾಬರಿಯಲ್ಲಿ ಬಿಟ್ಟು ಓಡದೇ ಇದ್ದರೆ ಅದೇ ದೊಡ್ಡ ಉಪಕಾರ.

ನಮ್ಮ ಇನ್ವರ್ಟರಿನ ಪರದೆ ಮೇಲೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹರ್ಟ್ಸ್ ತೋರಿಸುವ ಚಿಕ್ಕ ಅಂಕಿ. 49.97, 50.02, 50.04. ದೇಶದಲ್ಲಿ ಅದನ್ನು 49.90 ಮತ್ತು 50.05ರ ನಡುವೆ ಇಡಬೇಕು ಅಂತ ನಿಯಮ ಇದೆ. ನಮ್ಮ ಮೆಟ್ಟಿಲ ಮನೆಯಲ್ಲಿ ಕಾಣುವ ಅಂಕಿಯೇ ದೆಹಲಿಯಲ್ಲೂ, ಗುವಾಹಟಿಯಲ್ಲೂ. ಮೊದಲು ಹಾಗಿರಲಿಲ್ಲ. ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಬೇರೆಯೇ ತಾಳದಲ್ಲಿ ನಡೆಯುತ್ತಿತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮಗೆ ತಟ್ಟದೇ ಇದ್ದದ್ದು ಅದರಿಂದಲೇ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೋಲಾಪುರದ ನಡುವಿನ 765 ಕಿಲೋವೋಲ್ಟ್ ಲೈನ್ ಶುರುವಾಗಿ ಇಡೀ ದೇಶ ಒಂದೇ ತಾಳಕ್ಕೆ ಬಂತು. ನಮ್ಮಿಂದ ಈಚೆ ರಾಯಚೂರು, ಆಚೆ ಸೋಲಾಪುರ. ದೇಶವನ್ನು ಕೂಡಿಸಿದ ಗಂಟು ನಮ್ಮ ಸೀಮೆಯಲ್ಲೇ ಬಿದ್ದಿದೆ ಅಂತ ನನಗೆ ಬಹಳ ಹೆಮ್ಮೆ. ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

2020ರ ಏಪ್ರಿಲ್ 5ರ ರಾತ್ರಿ ನೆನಪಿದೆಯಾ? ಒಂಬತ್ತಕ್ಕೆ ಒಂಬತ್ತು ನಿಮಿಷ ಲೈಟ್ ಆರಿಸಿ ಎಲ್ಲರೂ ದೀಪ ಹಚ್ಚಿದೆವು. ಆ ಸ್ವಲ್ಪ ಹೊತ್ತಿನಲ್ಲಿ ದೇಶದ ಬಳಕೆ ಸುಮಾರು 31,000 ಮೆಗಾವ್ಯಾಟ್ ಇಳಿದು ಮತ್ತೆ ಏರಿತು. ಜಲವಿದ್ಯುತ್ ಕೇಂದ್ರಗಳು ಕೂಡಲೇ ತಗ್ಗಿ, ಕೂಡಲೇ ಏರಿ ಅದನ್ನು ನಿಭಾಯಿಸಿದವು. ಅದಕ್ಕೆ ಮೊದಲೇ ತಯಾರಿ ಮಾಡಿಕೊಂಡಿದ್ದರು. ಈಗ ಪ್ರತಿ ಸಂಜೆ ಅಂಥದೊಂದು ಪರೀಕ್ಷೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೂ, ನಮ್ಮ ಆರು ಪ್ಯಾನೆಲ್ಲಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಟಿವಿ, ಮಿಕ್ಸಿ ಶುರು. ಶರಾವತಿಯ ನೀರು ಒಂದರಿಂದಲೇ ದಿನಾಲೂ ಇದನ್ನು ತೂಗಿಸಲು ಆಗುವುದಿಲ್ಲ. ಹಗಲಿನ ಕೆಲಸ ಹಗಲಲ್ಲೇ ಮುಗಿಯಬೇಕು. ಆಳಂದ ಕಡೆಯ ನನ್ನ ತಮ್ಮ ಮೊದಲು ನಡುರಾತ್ರಿ ಟಾರ್ಚ್ ಹಿಡಿದು ಹೊಲಕ್ಕೆ ನೀರು ಬಿಡಲು ಹೋಗುತ್ತಿದ್ದ, ಹಾವಿನ ಭಯ ಬೇರೆ. ಈಗ ಅವನ ಪಂಪಿಗೆ ತ್ರೀ ಫೇಸ್ ಹಗಲಲ್ಲೇ ಬರುತ್ತದೆ. ಅವನಿಗೆ ನಿದ್ದೆ ಸಿಕ್ಕಿತು, ಮಧ್ಯಾಹ್ನದ ಸೋಲಾರ್ ಕರೆಂಟಿಗೆ ಕೆಲಸ ಸಿಕ್ಕಿತು.

ಸೆಟ್ಟಿಂಗ್ ಎಷ್ಟು ದೊಡ್ಡ ವಿಷಯ ಅಂತ ಜರ್ಮನಿಯವರಿಗೆ ಮೊದಲೇ ಗೊತ್ತಾಗಿತ್ತು. ಅಲ್ಲಿ ಹಳೆಯ ನಿಯಮದಂತೆ ಫ್ರೀಕ್ವೆನ್ಸಿ 50.2 ಮುಟ್ಟಿದರೆ ಸೋಲಾರ್ ಇನ್ವರ್ಟರುಗಳು ಕಳಚಿಕೊಳ್ಳಬೇಕಿತ್ತು. ಸೋಲಾರ್ ಕಡಿಮೆ ಇದ್ದಾಗ ಅದು ಸರಿಯೇ. ಮಾಳಿಗೆಗಳೆಲ್ಲ ತುಂಬಿದ ಮೇಲೆ, ಅಷ್ಟೂ ಒಂದೇ ಕ್ಷಣಕ್ಕೆ ಬಿಟ್ಟುಹೋದರೆ ಗತಿಯೇನು ಅಂತ ಹೆದರಿದರು. 2012ರಲ್ಲಿ ಕಾನೂನು ಮಾಡಿ ಸುಮಾರು 3 ಲಕ್ಷ ಘಟಕಗಳ ಸೆಟ್ಟಿಂಗ್ ಬದಲಿಸಿದರು. ಫ್ರೀಕ್ವೆನ್ಸಿ ಏರಿದಂತೆ ಒಮ್ಮೆಲೇ ಆರುವ ಬದಲು ಹಂತಹಂತವಾಗಿ ತಗ್ಗಬೇಕು ಅಂತ. ನಮ್ಮ ಇನ್ವರ್ಟರಿನಲ್ಲೂ ಆ ಆಯ್ಕೆ ಇದೆ. ನಮ್ಮಲ್ಲಿ ಅದು ಆಫ್ ಇತ್ತು! ದೇಶ ಆರಿಸುವ ಜಾಗದಲ್ಲೂ ಭಾರತ ಇರಲಿಲ್ಲ, ಸಾಮಾನ್ಯ ಅಂತ ಇತ್ತು. ಕೂರಿಸಿದವರನ್ನು ಮನೆಗೇ ಕರೆಸಿ ಎರಡನ್ನೂ ಸರಿ ಮಾಡಿಸಿದೆ. ಸಿಟ್ಟು ಬಂದಿತ್ತು, ಈಗಲೂ ಇದೆ. ಮೂರು ಲಕ್ಷದ ಸಾಮಾನು ತಂದು, ಐದು ನಿಮಿಷದ ಈ ಕೆಲಸ ಬಿಟ್ಟು ಹೋಗುವುದು ಸರಿಯಲ್ಲ.

ಇನ್ನು ಇನ್ವರ್ಟರಿನ ಸ್ವಂತ ಗುಣ. ಕರೆಂಟ್ ಹೋದರೆ ಬ್ಯಾಟರಿಗೆ ಬದಲಾಗುವುದು ಗೊತ್ತೇ ಆಗುವುದಿಲ್ಲ. ಫ್ಯಾನ್ ನಿಲ್ಲುವುದಿಲ್ಲ, ಮಗಳ ಕಂಪ್ಯೂಟರ್ ಆರುವುದಿಲ್ಲ. ಹೋದ ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದಾಗ ರಾತ್ರಿ ಎಂಟರಿಂದ ಬೆಳಗಿನ ನಾಲ್ಕರವರೆಗೆ ಎರಡು ಫ್ಯಾನು, ಫ್ರಿಜ್ಜು, ಲೈಟು ನಡೆದವು. ಎಸಿ ಹಾಕಿದರೆ ಮೂರು ಗಂಟೆ, ಅದಕ್ಕಿಂತ ಜಾಸ್ತಿ ನಿರೀಕ್ಷಿಸಬೇಡಿ.

ಆ ರಾತ್ರಿ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಕಂಬದ ಮೇಲೆ ಲೈನ್‌ಮನ್ ಹುಡುಗ ಹತ್ತಿದ್ದ. ನಮ್ಮ ಮನೆಯಲ್ಲಿ ಲೈಟ್ ಉರಿಯುತ್ತಿತ್ತು. ನಮ್ಮಿಂದ ಒಂದು ಎಳೆ ಕರೆಂಟ್ ಹಿಂದಕ್ಕೆ ಹೋದರೂ ಅವನ ಜೀವಕ್ಕೆ ಅಪಾಯ. ಲೈನ್ ಸತ್ತ ಕೂಡಲೇ ಇನ್ವರ್ಟರ್ ಹೊರಗಿನ ದಾರಿ ಕಡಿದುಕೊಳ್ಳಬೇಕು, ಮನೆಯನ್ನು ಮಾತ್ರ ಬ್ಯಾಟರಿ ಮೇಲೆ ನಡೆಸಬೇಕು. ಒಳಗೆ ಬಂದ, ಹೊರಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಹಾಕಲು ಬಂದ ದಿನ ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಸಿಬ್ಬಂದಿ ಮೇನ್ ಇಳಿಸಿ ಇದನ್ನು ಪರೀಕ್ಷೆ ಮಾಡಿಯೇ ಸಹಿ ಹಾಕಿದ್ದರು. ಆದರೂ ನಾನು ಚಾಚಾ ಕೈಯಲ್ಲಿ ವರ್ಷಕ್ಕೊಮ್ಮೆ ಮತ್ತೆ ನೋಡಿಸುತ್ತೇನೆ. ಇದೊಂದರಲ್ಲಿ ಇನ್ವರ್ಟರಿಗೆ ಪೂರ್ತಿ ಅಂಕ.

ಬಿಸಿಲಿನಲ್ಲಿ ಮಾತ್ರ ಸ್ವಲ್ಪ ಕಷ್ಟ. 43 ಡಿಗ್ರಿ ದಾಟಿದ ದಿನ ಮೆಟ್ಟಿಲ ಮನೆ ಒಲೆಯಾಗುತ್ತದೆ, ಇನ್ವರ್ಟರ್ ತಾನೇ ಉತ್ಪಾದನೆ ತಗ್ಗಿಸಿಕೊಳ್ಳುತ್ತದೆ. ಬಿಸಿಗೆ ಪ್ಯಾನೆಲ್ಲೂ ಕಡಿಮೆ ಕೊಡುತ್ತದೆ. ನಮಗೆ ಅತಿ ಹೆಚ್ಚು ಬಂದದ್ದು ಮೇ ತಿಂಗಳಲ್ಲಿ ಅಲ್ಲ, ಮಾರ್ಚಿನಲ್ಲಿ, ದಿನಕ್ಕೆ 14 ಯೂನಿಟ್. ಶ್ರಾವಣದ ಮೋಡದಲ್ಲಿ 6. ಮೊದಲು ಇನ್ವರ್ಟರನ್ನು ಗಿರಣಿಯೊಳಗಿನ ಗೋಡೆಗೆ ಹಾಕುತ್ತೇವೆ ಅಂದಿದ್ದರು. ನಾನೇ ಬೇಡ ಅಂದೆ. ಹಿಟ್ಟಿನ ಧೂಳು ಅದರ ಫ್ಯಾನಿಗೆ ಕೂತರೆ ಮುಗಿಯಿತು. ಬ್ಯಾಟರಿಯನ್ನು ಮನೆಯ ತಂಪು ಮೂಲೆಯಲ್ಲಿ, ಶಹಾಬಾದ್ ಪರಸಿ ಮೇಲೆ ಇಟ್ಟಿದ್ದೇವೆ. ಬಿಸಿಗೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ಪ್ಯಾನೆಲ್ಲನ್ನು ವಾರಕ್ಕೊಮ್ಮೆ ಸೂರ್ಯ ಏರುವ ಮೊದಲೇ ತೊಳೆಯುತ್ತೇವೆ.

ಆ್ಯಪ್ ಕನ್ನಡದಲ್ಲಿ ಇಲ್ಲ. ಇದು ದೊಡ್ಡ ಕೊರತೆ. ಗ್ರಿಡ್ ಓವರ್ ವೋಲ್ಟೇಜ್ ಅನ್ನುವುದನ್ನು "ಲೈನಿನ ವೋಲ್ಟೇಜ್ ಮಿತಿ ಮೀರಿದೆ, ವೈರಿಂಗ್ ನೋಡಿಸಿ" ಅಂತ ಬರೆದಿದ್ದರೆ ನಾನು ಎರಡು ತಿಂಗಳು ಕಾಯಬೇಕಾಗಿರಲಿಲ್ಲ.

ಇನ್ವರ್ಟರಿಗೆ ಐದಕ್ಕೆ ನಾಲ್ಕು ಅಂಕ, ಕೂರಿಸಿದವರಿಗೆ ಎರಡು. ನೀವು ಕೊಳ್ಳುವವರಾದರೆ ದರ ಕೇಳುವಾಗಲೇ ಇನ್ವರ್ಟರಿನಿಂದ ಮೀಟರಿಗೆ ಎಷ್ಟು ಮೀಟರ್ ದೂರ, ಯಾವ ಅಳತೆಯ ವೈರ್ ಅಂತ ಬರೆಸಿಕೊಳ್ಳಿ. ಕೂರಿಸಿದ ದಿನ ನಡುಮಧ್ಯಾಹ್ನ ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆಸಿ. ದೇಶದ ಸೆಟ್ಟಿಂಗ್ ಭಾರತ ಇದೆಯೇ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಮಿತಿ ಏರಿಸುತ್ತೇನೆ ಅಂದರೆ ಒಪ್ಪಬೇಡಿ.

ನಿನ್ನೆ ಸೋಮವಾರ, ಗಿರಣಿಗೆ ಸೂಟಿ. ಹನ್ನೆರಡೂವರೆಗೆ ಮೇಲೆ ಹೋಗಿ ನೋಡಿದೆ. ಮೀಟರಿನಲ್ಲಿ 247, ಇನ್ವರ್ಟರಿನಲ್ಲಿ 249, ಬ್ಯಾಟರಿ ಅರ್ಧ ತುಂಬಿತ್ತು, ಫ್ರೀಕ್ವೆನ್ಸಿ 50.01. ಚಾಚಾ ಕಳಚಿದ ಹಳೆಯ 2.5 ವೈರ್ ಸುತ್ತಿಟ್ಟಿದ್ದೆವು. ಅದರಿಂದ ಗಿರಣಿಯ ತೂಕದ ಮೂಲೆಗೆ ಎರಡು ಲೈಟ್ ಹಾಕಿಕೊಟ್ಟಿದ್ದಾರೆ. ಆ ಕೆಲಸಕ್ಕೆ ಅದು ಧಾರಾಳ ಸಾಕು.